ಬೀಗಿತ್ತಿಯರ ಕೋಣೆ

"ನನ್ನ ಕೋಣೆಗೆ ಇನ್ನೊಂದು ಗೋಡೆ ಎಲ್ಲೋ?"

ಹೊಸ ಮನೆಗೆ ಕಾಲಿಟ್ಟ ದಿನ ಟಿಕೆಟ್ ಅಜ್ಜಿ ಮಗನನ್ನು ಕೇಳಿದ ಮೊದಲ ಪ್ರಶ್ನೆ ಇದು. ಮೂರು ಗೋಡೆ ಎದ್ದಿದ್ದವು. ನಾಲ್ಕನೆಯದು ಇರಬೇಕಾದ ಕಡೆ ನೀಲಿ ಪ್ಲಾಸ್ಟಿಕ್ ಹಾಳೆ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು.

"ಗಾರೆಯವನು ಕೈಕೊಟ್ಟ ಅಮ್ಮಾ. ಎರಡೇ ವಾರ. ಅಲ್ಲೀವರೆಗೂ ಅತ್ತೆ ಕೋಣೇಲಿ ಅಡ್ಜಸ್ಟ್ ಮಾಡ್ಕೊ."

"ನಿನ್ನ ಎರಡು ವಾರ ನಂಗೊತ್ತಿಲ್ವಾ? ಹುಟ್ಟೋದಕ್ಕೇ ಹದಿನೈದು ದಿನ ತಡ ಮಾಡಿದವನು ನೀನು."

ಮಗ ಪ್ಲಂಬರ್. ಬೆಟ್ಟದ ಇಳಿಜಾರಿನಲ್ಲಿ ವರ್ಷಗಟ್ಟಲೆ ಮುಚ್ಚಿಕೊಂಡು ಬಿದ್ದಿದ್ದ ಈ ಮನೆಯನ್ನು, ನೀರಿಲ್ಲವೆಂದು ಯಾರೂ ಮೂಸಿಯೂ ನೋಡದಿದ್ದಾಗ, ಅವನು ಕೊಂಡಿದ್ದ. ಮೇಲಿನ ಒರತೆಯಿಂದ ಪೈಪ್ ಎಳೆದು ನೀರು ತರುವುದು ಅವನಿಗೆ ಎಡಗೈ ಕೆಲಸ. ಆದರೆ ಉಳಿದ ಕೆಲಸ ಅವನ ಭಾನುವಾರಗಳನ್ನೆಲ್ಲ ನುಂಗಿತು. ಗೆದ್ದಲು ತಿಂದ ತೊಲೆ ಬದಲಾಯಿಸಿದ, ತಗಡಿನ ಮಾಡು ಹೊದಿಸಿದ, ನೆಲ ಅಗೆದು ಹೊಸದಾಗಿ ಹಾಕಿದ. ಅವನ ಅಮ್ಮ ಪಟ್ಟಣದ ಒಂದು ತುದಿಯಲ್ಲಿ, ಹೆಂಡತಿಯ ಅಮ್ಮ ಇನ್ನೊಂದು ತುದಿಯಲ್ಲಿ ಬಾಡಿಗೆಗಿದ್ದರು. ಎರಡೂ ಕಡೆ ಊಟದ ಡಬ್ಬಿ ಹೊತ್ತು ಹೆಂಡತಿ ಸೋತುಹೋಗಿದ್ದಳು. ಎಲ್ಲರೂ ಒಂದೇ ಸೂರಿನ ಕೆಳಗೆ ಇರಲಿ ಎಂಬುದು ಗಂಡ ಹೆಂಡತಿ ಇಬ್ಬರ ಆಸೆ.

ಹೆಂಡತಿ ಪಟ್ಟಣದ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಗಿರಾಕಿಗಳು ಕರೆಯುವ 'ಮೇಡಂ' ಮನೆಗೂ ಬಂದು ಅಂಟಿಕೊಂಡಿತ್ತು. ಕೋಪ ಬಂದಾಗ ಗಂಡ, ಹಸಿವಾದಾಗ ಮಗಳು ಅವಳನ್ನು ಹಾಗೇ ಕರೆಯುತ್ತಿದ್ದರು. ಇಡೀ ಅಂಗಡಿಯ ಜವಾಬ್ದಾರಿ ಅವಳ ಕೈಗೆ ಬಂದದ್ದು ಆ ತಿಂಗಳಷ್ಟೇ.

ಅಜ್ಜಿಯರಿಗೆ ಹೆಸರಿಟ್ಟವಳು ಹೈಸ್ಕೂಲಿಗೆ ಹೋಗುವ ಮೊಮ್ಮಗಳು. ಅಪ್ಪನ ಅಮ್ಮ ಬಸ್ ನಿಲ್ದಾಣದ ಕಿಂಡಿಯ ಹಿಂದೆ ಕೂತು ಟಿಕೆಟ್ ಕೊಟ್ಟು ನಿವೃತ್ತಿಯಾದವಳು, ಹಾಗಾಗಿ ಟಿಕೆಟ್ ಅಜ್ಜಿ. ಗಾಜಿನಾಚೆ ನಿಂತವರಿಗೂ ಕೇಳಲೆಂದು ಪಳಗಿಸಿದ ಗಂಟಲು. ಅಡುಗೆಮನೆಯಲ್ಲಿ ಉಪ್ಪು ಕೇಳಿದರೆ ಅಂಗಳದಲ್ಲಿದ್ದವರು ತಿರುಗಿ ನೋಡುತ್ತಿದ್ದರು. ಅಮ್ಮನ ಅಮ್ಮ ಉಣ್ಣೆ ಅಜ್ಜಿ. ಗಂಡ ಗಿರಣಿಯಲ್ಲಿ ದುಡಿಯುತ್ತಿದ್ದಾಗಿನಿಂದ ಅಂಗಡಿಗಳಿಗೆ ಸ್ವೆಟರ್ ಹೆಣೆದುಕೊಟ್ಟವಳು. ಅವಳು ಮಾತಾಡಿದ್ದಕ್ಕಿಂತ ಅವಳ ಕಡ್ಡಿಗಳು ಮಾತಾಡಿದ್ದೇ ಹೆಚ್ಚು.

ಇಬ್ಬರಿಗೂ ಒಂದು ಕೋಣೆ, ಎರಡು ಮಂಚ, ಒಂದು ಕಿಟಕಿ. ಒಬ್ಬಳಿಗೆ ಗಾಳಿ ಬೇಕು, ಇನ್ನೊಬ್ಬಳಿಗೆ ಥಂಡಿ ಆಗದು. ಮೂರನೆಯ ದಿನ ಮೊಮ್ಮಗಳು ಪಂಚಾಯ್ತಿ ಮಾಡಿ, ಒಂದು ಚಪ್ಪಲಿ ಸಿಕ್ಕಿಸುವಷ್ಟು ಕಿಟಕಿ ತೆರೆದಿರಲಿ ಎಂದು ತೀರ್ಪು ಕೊಟ್ಟಳು.

"ಯಾರ ಚಪ್ಪಲಿ? ಅವರದು ಚಿಕ್ಕದು," ಎಂದಳು ಟಿಕೆಟ್ ಅಜ್ಜಿ.

ಆ ಜಗಳವನ್ನು ಕೊನೆಗೆ ಬಗೆಹರಿಸಿದ್ದು ಹೊಗೆ. ಒಂದು ಬೆಳಿಗ್ಗೆ ದೂರದ ಬೆಟ್ಟಸಾಲಿನ ಮೇಲೆ ಕಂದು ಬಣ್ಣದ ಗೆರೆ ಕಾಣಿಸಿತು. ಸಂಜೆಯ ಹೊತ್ತಿಗೆ ಕಣ್ಣು ಉರಿಯತೊಡಗಿತು. ಕಾಡಿಗೆ ಬೆಂಕಿ ಬಿದ್ದಿದೆ, ಸದ್ಯಕ್ಕೆ ಆಚೆ ಕಣಿವೆಯಲ್ಲಿದೆ ಎಂದು ರೇಡಿಯೋದಲ್ಲಿ ಹೇಳಿದರು. ಮನೆಯ ಕಿಟಕಿಗಳೆಲ್ಲ ಮುಚ್ಚಿದವು. ಪ್ಲಂಬರ್ ಕೆಲಸ ಮುಗಿಸಿ ಬಂದವನೇ ಏಣಿ ಹತ್ತಿ ಮಾಡಿನ ಅಂಚಿನ ನೀರಿನ ದೋಣಿಯಲ್ಲಿ ತುಂಬಿದ ಒಣ ಎಲೆ ಬಾಚುತ್ತಿದ್ದ. ಒಣಗಿದ ಪೊದೆ ಕಡಿದು ದೂರ ಒಯ್ದು ಹಾಕುತ್ತಿದ್ದ. ಗೋಡೆಯ ಕೆಲಸ ಅಲ್ಲಿಗೇ ನಿಂತಿತು. ಮೇಡಂ ಅಂಗಡಿಯಲ್ಲಿ ಮಾಸ್ಕ್, ಕೆಮ್ಮಿನ ಔಷಧಿಗೆ ಜನ ಮುಗಿಬಿದ್ದು, ಅವಳು ಮನೆಗೆ ಬರುವಾಗ ಕಾಲೆಳೆಯುತ್ತಿದ್ದಳು.

ಮಧ್ಯಾಹ್ನದ ಹೊತ್ತು ಮನೆಯಲ್ಲಿ ಇಬ್ಬರು ಬೀಗಿತ್ತಿಯರು ಮಾತ್ರ. ಒಬ್ಬಳು ಮೊಮ್ಮಗಳಿಗೆ ಸಾಸಿವೆ ಬಣ್ಣದ ಸ್ವೆಟರ್ ಹೆಣೆಯುವುದು, ಇನ್ನೊಬ್ಬಳು ಅದನ್ನು ನೋಡುವುದು. ಒಂದು ದಿನ ಟಿಕೆಟ್ ಅಜ್ಜಿ ತಡೆಯಲಾರದೆ ಕೇಳಿದಳು:

"ಬೀಗ್ರೇ, ಮಣಿಕಟ್ಟಿಂದ ಶುರು ಮಾಡಿದ ಈ ತೋಳು ಹೋದ ವಾರ ಮೊಣಕೈ ತನಕ ಬಂದಿತ್ತು. ಈಗ ನೋಡಿದ್ರೆ ಮತ್ತೆ ಮಣಿಕಟ್ಟೇ ದಾಟಿಲ್ಲ. ಹುಡುಗಿ ಏನು ಕುಳ್ಳಿ ಆಗ್ತಿದ್ದಾಳಾ?"

ಉಣ್ಣೆ ಅಜ್ಜಿ ನಗಲಿಲ್ಲ. ಕಡ್ಡಿಗಳನ್ನು ಮಡಿಲಲ್ಲಿಟ್ಟಳು. "ಬಿಚ್ಚಿ ಬಿಚ್ಚಿ ಹೆಣೀತಿದ್ದೀನಿ. ಎಣಿಕೆ ನಿಲ್ತಾ ಇಲ್ಲ. ಸಾಲಿನ ಅರ್ಧಕ್ಕೆ ಬರೋದ್ರೊಳಗೆ ಎಷ್ಟಾಯ್ತು ಅನ್ನೋದು ಹಾರಿಹೋಗತ್ತೆ."

"ವಯಸ್ಸು. ನಂಗೂ ಕನ್ನಡಕ ಎಲ್ಲಿಟ್ಟೆ ಅಂತ ಮರೆಯತ್ತೆ."

"ಕನ್ನಡಕ ಎಲ್ಲಿಟ್ಟೆ ಅಂತ ಮರೆಯೋದು ಬೇರೆ. ಮೊನ್ನೆ ಅದನ್ನ ಕೈಯಲ್ಲಿ ಹಿಡ್ಕೊಂಡು, ಇದು ಏನಕ್ಕೆ ಅಂತ ಯೋಚಿಸ್ತಾ ಕೂತಿದ್ದೆ."

ಟಿಕೆಟ್ ಅಜ್ಜಿ ತನ್ನ ಮಂಚದಿಂದ ಎದ್ದು ಬಂದು ಪಕ್ಕದಲ್ಲಿ ಕೂತಳು. "ಮಗಳಿಗೆ ಹೇಳಿದ್ರಾ?"

"ಇಲ್ಲ. ನೀವೂ ಹೇಳ್ಬೇಡಿ. ಹಿಂದೆ ನನ್ನ ಕಾಲು ಮುರಿದಾಗ ಒಳ್ಳೇ ಕೆಲಸ ಬಿಟ್ಟು ಬಂದು ಕೂತವಳು ಅವಳು. ಈಗ ಗೊತ್ತಾದ್ರೆ ನಾಳೆನೇ ಅಂಗಡಿ ಬೀಗದ ಕೈ ವಾಪಸ್ ಕೊಡ್ತಾಳೆ. ನನ್ನಾಣೆ ಬೀಗ್ರೇ."

"ಆಣೆಗೀಣೆ ಎಲ್ಲ ಬೇಡ. ಸರಿ, ಕಡ್ಡಿ ತಗೊಳ್ಳಿ. ನೀವು ಹೆಣೀರಿ, ನಾನು ಎಣಿಸ್ತೀನಿ. ಜಾತ್ರೆ ಥರ ಜನ ಮುತ್ತಿಕೊಂಡಾಗ್ಲೂ ಚಿಲ್ಲರೆ ತಪ್ಪದ ಬಾಯಿ ಇದು."

ಅಂದಿನಿಂದ ತೋಳು ಬೆಳೆಯಿತು. ಸ್ಕೂಲಿನಿಂದ ಬಂದ ಮೊಮ್ಮಗಳಿಗೆ ಒಳಗಿನಿಂದ ದೊಡ್ಡ ದನಿಯಲ್ಲಿ ಅಂಕಿಗಳು ಕೇಳುತ್ತಿದ್ದವು. "ಏನಜ್ಜೀ, ಮಗ್ಗಿ ಕಲೀತಿದ್ದೀರಾ?" ಎಂದು ಕೇಳಿ, ಬ್ರೆಡ್ ಕಚ್ಚಿಕೊಂಡು ಹೋಗುತ್ತಿದ್ದಳು.

ಬೂದಿ ಬೀಳಲು ಶುರುವಾದ ದಿನ ಟಿಕೆಟ್ ಅಜ್ಜಿ ಒಣಹಾಕಿದ ಬಟ್ಟೆ ತೆಗೆಯಲು ಹೊರಗೆ ಓಡಿದ್ದಳು. ಬಿಳಿ ಅಂಗಿಗಳ ಮೇಲೆಲ್ಲ ಬೂದು ಚುಕ್ಕೆ. ಕೊಡವಿ ಕೊಡವಿ ಒಳಗೆ ಬರುವಷ್ಟರಲ್ಲಿ ಅಡುಗೆಮನೆಯಿಂದ ಸುಟ್ಟ ಕಮಟು ವಾಸನೆ. ಒಲೆಯ ಮೇಲಿಟ್ಟ ಚಹಾ ಪಾತ್ರೆಯ ನೀರೆಲ್ಲ ಆರಿ, ತಳ ಕಪ್ಪಾಗಿ, ಹಿಡಿ ಕರಗಿ ಇಳಿಯುತ್ತಿತ್ತು. ಪಕ್ಕದಲ್ಲಿದ್ದ ಒರೆಸುವ ಬಟ್ಟೆಯ ಅಂಚು ಕೆಂಪಗೆ ಹೊತ್ತಿಕೊಂಡಿತ್ತು. ಉಣ್ಣೆ ಅಜ್ಜಿ ಬಾಗಿಲಲ್ಲಿ ನಿಂತು ಅದನ್ನು ಬೇರೆ ಯಾರದೋ ಮನೆಯ ಒಲೆ ಎಂಬಂತೆ ನೋಡುತ್ತಿದ್ದಳು.

ಟಿಕೆಟ್ ಅಜ್ಜಿ ಒಲೆ ಆರಿಸಿ, ಹೊತ್ತಿದ ಬಟ್ಟೆಯನ್ನು ತೊಟ್ಟಿಗೆಸೆದು ನಲ್ಲಿ ತಿರುಗಿಸಿದಳು. ಅಷ್ಟರಲ್ಲಿ ಪಿಕಪ್ ಗಾಡಿ ಬಂದು ನಿಂತಿತು. ವಾಸನೆ ಹಿಡಿದು ಓಡಿಬಂದ ಮಗನ ಹಿಂದೆಯೇ ಸೊಸೆ.

"ಯಾರಿದು ಮಾಡಿದ್ದು?"

ಉಣ್ಣೆ ಅಜ್ಜಿಯ ತುಟಿ ಅಲುಗಿತು. ಟಿಕೆಟ್ ಅಜ್ಜಿ ಅದಕ್ಕೆ ಮೊದಲೇ ಬಾಯಿ ಹಾಕಿದಳು. "ನಾನೇ ಕಣೋ. ಬಟ್ಟೆ ತರೋಕೆ ಹೋದೆ, ಮರೆತೆ."

"ಅಮ್ಮಾ, ಸುತ್ತ ಕಾಡು ಉರೀತಾ ಇದೆ. ಮನೆಯೊಳಗೂ ನಾವೇ ಹಚ್ಕೊಳೋಣ ಅಂತಾನಾ?"

"ಬೇಕಂತ ಮಾಡಿದ್ನಾ?"

"ಅತ್ತೆ," ಎಂದಳು ಮೇಡಂ, ಗಿರಾಕಿಗಳೊಂದಿಗೆ ಆಡುವ ಸಮಾಧಾನದ ದನಿಯಲ್ಲಿ, "ಇನ್ನು ಸ್ವಲ್ಪ ದಿನ ನೀವು ಒಲೆ ಹತ್ರ ಹೋಗೋದು ಬೇಡ. ಬೆಳಿಗ್ಗೆನೇ ಎಲ್ಲಾ ಮಾಡಿಟ್ಟು ಹೋಗ್ತೀನಿ. ಏನಾದ್ರೂ ಬೇಕಂದ್ರೆ ಅಮ್ಮ ಬಿಸಿ ಮಾಡ್ಕೊಡ್ತಾರೆ."

ಅಮ್ಮ ಬಿಸಿ ಮಾಡಿಕೊಡುತ್ತಾರೆ! ಟಿಕೆಟ್ ಅಜ್ಜಿ ಕಪ್ಪಾದ ಪಾತ್ರೆಯನ್ನು ನಲ್ಲಿಯ ಕೆಳಗಿಟ್ಟು ಉಜ್ಜತೊಡಗಿದಳು.

ಅಂದು ರಾತ್ರಿಯ ಊಟಕ್ಕೆ ಅವಳನ್ನು ನೆಂಟರಂತೆ ಕೂರಿಸಿ ಬಡಿಸಿದರು. ಮೊಟ್ಟೆ ಸಾರು ಸಪ್ಪೆಯಾಗಿತ್ತು. ಎದ್ದು ಉಪ್ಪು ತರಹೋದರೆ "ನೀವು ಕೂತ್ಕೊಳ್ಳಿ ಅತ್ತೆ" ಎಂದು ಸೊಸೆ ತಾನೇ ಎದ್ದಳು. ಮರುದಿನದಿಂದ ಇನ್ನೊಂದು ಶುರುವಾಯಿತು. ತಟ್ಟೆ ಮುಂದಿಡುತ್ತ ಮೇಡಂ ಕೇಳುತ್ತಿದ್ದಳು: "ಅತ್ತೆ, ಇವತ್ತು ಯಾವ ವಾರ?"

"ಬುಧವಾರ."

"ನಿನ್ನೆ ರಾತ್ರಿ ಊಟಕ್ಕೇನಿತ್ತು?"

"ಮೊಟ್ಟೆ. ಒಂದರಲ್ಲಿ ಚಿಪ್ಪೂ ಇತ್ತು."

ಮೂರನೆಯ ದಿನ ತಾಳ್ಮೆ ಕಳಚಿತು. "ಇವತ್ತು ಶುಕ್ರವಾರ, ನಾಳೆ ಶನಿವಾರ, ನಾಡಿದ್ದು ನಿನ್ನ ತಲೆ. ಇದೇನು ಪರೀಕ್ಷೆನಾ, ಊಟನಾ?"

ಮೊಮ್ಮಗಳು ನಕ್ಕು ನೀರು ಚೆಲ್ಲಿದಳು. ಪ್ಲಂಬರ್ ತಲೆ ತಗ್ಗಿಸಿ ಊಟ ಮಾಡಿದ. ಉಣ್ಣೆ ಅಜ್ಜಿ ತಟ್ಟೆಯಲ್ಲಿದ್ದುದನ್ನು ಬೇಗ ಬೇಗ ತಿಂದು ಎದ್ದಳು.

"ಹೇಳಿಬಿಡ್ತೀನಿ ಬೀಗ್ರೇ," ಎಂದಳು ಮರುದಿನ ಮಧ್ಯಾಹ್ನ. "ನನ್ನ ದೆಸೆಯಿಂದ ನಿಮಗೆ ಈ ಅವಮಾನ."

"ಬೆಂಕಿ ಆರಲಿ. ಈಗ್ಲೇ ಅವರಿಬ್ಬರ ತಲೆ ಕಾದ ಹಂಚಾಗಿದೆ. ನಾನು ಕಿಂಡಿ ಹಿಂದೆ ಕೂತು ತಿಂದಿರೋ ಬೈಗುಳದ ಮುಂದೆ ಇದೇನು ದೊಡ್ಡದಲ್ಲ."

ದೊಡ್ಡದಲ್ಲವೆಂದರೂ ಅವಳಿಗೆ ನಿದ್ದೆ ಕೆಟ್ಟಿತ್ತು. ಮನೆಯವರು ಅತ್ತ ಹೋದೊಡನೆ ಸಿಲಿಂಡರಿನ ತಿರುಪು ಬಂದ್ ಮಾಡಿ, ಅವರು ಬರುವ ಮುಂಚೆ ಮತ್ತೆ ಬಿಡುತ್ತಿದ್ದಳು. ಬೀಗಿತ್ತಿ ಎದ್ದರೆ ತಾನೂ ಎದ್ದು ಹಿಂದೆ ಹೋಗುತ್ತಿದ್ದಳು. ಒಂದು ದಿನ ಮೇಡಂ ಬೇಗ ಬಂದವಳು, ಅತ್ತೆ ಒಲೆಯ ಕೆಳಗೆ ಬಗ್ಗಿ ತಿರುಪಿಗೆ ಕೈ ಹಾಕಿದ್ದನ್ನು ನೋಡಿದಳು.

"ಅತ್ತೆ! ಎಷ್ಟು ಸಲ ಹೇಳ್ಬೇಕು? ಅದನ್ನ ಮುಟ್ಟಬೇಡಿ ಅಂದಿದ್ನೋ ಇಲ್ವೋ?"

"ಬಂದ್ ಮಾಡ್ತಿದ್ದೆ."

"ಯಾಕೆ ಮಾಡ್ಬೇಕು? ದಿನವಿಡೀ ಅಂಗಡೀಲಿ ಪ್ರಾಣ ಕೈಯಲ್ಲಿ ಹಿಡ್ಕೊಂಡು ಕೂತಿರ್ತೀನಿ. ಅಮ್ಮ ಬಾಯಿ ಸತ್ತವರು, ನಿಮಗೆ ಏನೂ ಹೇಳಲ್ಲ. ನಿಮ್ಮಿಂದ ಅವರಿಗೇನಾದ್ರೂ ಆದ್ರೆ?"

"ಆಯ್ತಮ್ಮ. ಈ ಮನೇಲಿ ನನಗೆ ಕೋಣೆನೂ ಇಲ್ಲ, ಒಲೆನೂ ಇಲ್ಲ. ನಾನು ತಂಗಿ ಮನೆಗೆ ಹೋಗ್ತೀನಿ. ಬಸ್ಸು ಎಷ್ಟು ಹೊತ್ತಿಗೆ ಅಂತ ಯಾರನ್ನೂ ಕೇಳ್ಬೇಕಾಗಿಲ್ಲ."

ಅವಳು ಚೀಲ ತುಂಬುತ್ತಿದ್ದಾಗಲೇ ಗಾಳಿ ತಿರುಗಿತು. ಕಣಿವೆಯಾಚೆ ಇದ್ದ ಬೆಂಕಿ ತೊರೆ ದಾಟಿ ಈಚೆ ಇಳಿಜಾರಿಗೆ ಬಂದಿತ್ತು. ಮಧ್ಯಾಹ್ನವೇ ಬೆಳಕು ಕಿತ್ತಳೆಯಾಯಿತು. ಕೆಳಗಿನ ದಾರಿಯಲ್ಲಿ ಮೈಕು ಕಟ್ಟಿದ ಜೀಪು, ಎಲ್ಲರೂ ತಕ್ಷಣ ಮನೆ ಬಿಡಿ, ಪಟ್ಟಣದ ಸ್ಕೂಲಿಗೆ ಬನ್ನಿ ಎಂದು ಕೂಗುತ್ತ ಹೋಯಿತು. ಪ್ಲಂಬರ್ ಮಗಳನ್ನು ಸ್ಕೂಲಿನಿಂದ ಕರೆದುಕೊಂಡು ಬಂದಿದ್ದ. ಎಲ್ಲರನ್ನೂ ಪಿಕಪ್ಪಿಗೆ ಹತ್ತಿಸಿ, ಕೀಲಿಯನ್ನು ಹೆಂಡತಿಯ ಕೈಗಿಟ್ಟ.

"ನೀನು ಓಡಿಸ್ಕೊಂಡು ಹೋಗು. ನಾನು ಮಾಡಿಗೆ ನೀರು ಬಿಡ್ತಾ ಇರ್ತೀನಿ."

"ರೀ, ತಲೆ ಕೆಟ್ಟಿದೆಯಾ? ಮನೆ ಇನ್ನೊಂದ್ಸಲ ಕಟ್ಟಬಹುದು."

"ಯಾವ ದುಡ್ಡಲ್ಲಿ ಕಟ್ತೀಯ? ಯಾವ ಕೈಯಲ್ಲಿ?" ಅವನ ಕಣ್ಣು ಹೊಗೆಗೋ ಏನೋ ಕೆಂಪಾಗಿತ್ತು. "ಇದರ ಒಂದೊಂದು ಮೊಳೆ ನಂಗೊತ್ತು ಕಣೇ."

ಟಿಕೆಟ್ ಅಜ್ಜಿ ಪಿಕಪ್ಪಿನಿಂದ ಮೆಲ್ಲಗೆ ಇಳಿದಳು. ಹೋಗಿ ಮೆಟ್ಟಿಲ ಮೇಲೆ ಕೂತು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಅಮ್ಮಾ, ಏನ್ಮಾಡ್ತಿದ್ದೀಯ?"

"ಪೈಪಿನ ಇನ್ನೊಂದು ತುದಿ ಯಾರಾದ್ರೂ ಹಿಡೀಬೇಕಲ್ಲ. ನೀನಿದ್ರೆ ನಾನೂ ಇರ್ತೀನಿ."

ಅವನು ಒಮ್ಮೆ ಮಾಡು ನೋಡಿದ, ಒಮ್ಮೆ ಅಮ್ಮನನ್ನು ನೋಡಿದ. ಪೈಪನ್ನು ನೆಲಕ್ಕೆ ಬಿಸಾಕಿ, ಅವಳ ರಟ್ಟೆ ಹಿಡಿದು ಎಬ್ಬಿಸಿ, ಬಂದು ಸ್ಟೀರಿಂಗ್ ಹಿಡಿದ.

ಸ್ಕೂಲಿನ ಸಭಾಂಗಣದ ಬಾಗಿಲಲ್ಲಿ ಮೇಜು ಹಾಕಿಕೊಂಡು ಒಬ್ಬ ಯುವತಿ ಬಂದವರನ್ನು ವಿಚಾರಿಸುತ್ತಿದ್ದಳು. ಪ್ಲಂಬರ್ ಗಾಡಿ ನಿಲ್ಲಿಸಲು ಹೋಗಿದ್ದ, ಮೇಡಂ ಕಂಬಳಿ ತರಲು ಹೋಗಿದ್ದಳು. ಉಣ್ಣೆ ಅಜ್ಜಿಯ ಸರದಿ ಬಂತು.

"ಅಜ್ಜಿ, ಮನೆ ಎಲ್ಲಿ ನಿಮ್ದು?"

"ಗಿರಣಿ ಹಿಂದಿನ ಸಾಲು, ಕೊನೇ ಮನೆ," ಎಂದಳು ಉಣ್ಣೆ ಅಜ್ಜಿ ಸ್ಪಷ್ಟವಾಗಿ. "ಯಜಮಾನ್ರದು ಎರಡನೇ ಪಾಳಿ. ಮುಗಿಸಿ ಇಲ್ಲಿಗೇ ಬರ್ತಾರೆ. ಅವರಿಗೂ ಒಂದು ಕಂಬಳಿ ತೆಗೆದಿಡಮ್ಮ, ಎದೆ ಶೀತ ಅವರಿಗೆ."

ಗಿರಣಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಯಜಮಾನರು ಅದಕ್ಕೂ ಮೊದಲೇ ತೀರಿಹೋಗಿದ್ದರು.

"ಗಾಬರಿ ಪಾಪ ಅವರಿಗೆ," ಎಂದು ಟಿಕೆಟ್ ಅಜ್ಜಿ ತಟ್ಟನೆ ಮುಂದೆ ಬಂದಳು. "ನಾವು ಮೇಲಿನ ದಾರಿಯ ತಗಡಿನ ಮಾಡಿನ ಮನೆ. ಐದು ಜನ. ನಾನು ಹೇಳ್ತೀನಿ, ನೀನು ಬರ್ಕೊ." ಉಣ್ಣೆ ಅಜ್ಜಿಯ ಬೆನ್ನಿನ ಮೇಲೆ ಅವಳ ಕೈ ತಾನಾಗಿಯೇ ಹೋಗಿ ಕೂತಿತು, ದಿನಾ ಅಲ್ಲೇ ಇರುವಂತೆ.

ಹಿಂದೆ ಕಂಬಳಿಗಳನ್ನು ಅಪ್ಪಿಕೊಂಡು ಮೇಡಂ ನಿಂತಿದ್ದಳು. ಅವಳು ನೋಡಿದ್ದು ಆ ಕೈಯನ್ನು.

"ಅತ್ತೆ, ಒಂದು ನಿಮಿಷ ಬನ್ನಿ."

ಮಕ್ಕಳು ಕೈತೊಳೆಯುವ ನಲ್ಲಿಗಳ ಸಾಲಿನ ಬಳಿ ಇಬ್ಬರೂ ಎದುರುಬದುರು ನಿಂತರು.

"ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ಎಷ್ಟು ದಿನದಿಂದ?"

"ಹೊಗೆ ಶುರುವಾದಾಗಿಂದ."

"ಆ ಪಾತ್ರೆ?"

ಟಿಕೆಟ್ ಅಜ್ಜಿ ತೊಟ್ಟಿಕ್ಕುತ್ತಿದ್ದ ಒಂದು ನಲ್ಲಿಯನ್ನು ಬಿಗಿ ಮಾಡಿದಳು. ಮೇಡಂ ದನಿ ಏರಿತು. "ಹೆತ್ತ ಮಗಳಿಗೆ ಹೇಳದೆ ಮುಚ್ಚಿಟ್ರಲ್ಲ! ಅಮ್ಮ ಸೀರೆಗೆ ಬೆಂಕಿ ಹಚ್ಕೊಂಡಿದ್ರೆ? ಒಳಗೆ ಒಬ್ಬರೇ ಸಿಕ್ಕಿಹಾಕ್ಕೊಂಡಿದ್ರೆ? ಯಾರು ನಿಮಗೆ ಈ ಹಕ್ಕು ಕೊಟ್ಟೋರು?"

"ಅದಕ್ಕೇ ತಿರುಪು ಬಂದ್ ಮಾಡ್ತಿದ್ದೆ..." ಟಿಕೆಟ್ ಅಜ್ಜಿಯ ಗಂಟಲು ಎಂದೂ ಇಲ್ಲದಷ್ಟು ಸಣ್ಣಗಾಗಿತ್ತು. "ಆದ್ರೂ ನೀನು ಹೇಳೋದು ನಿಜ. ಅವತ್ತು ನಾನು ಇನ್ನೊಂದು ನಿಮಿಷ ತಡವಾಗಿ ಒಳಗೆ ಬಂದಿದ್ರೆ ಅಂತ ಯೋಚಿಸಿದಾಗೆಲ್ಲ ನಿದ್ದೆ ಬರ್ತಿರಲಿಲ್ಲ. ಹೇಳ್ಬೇಕಿತ್ತು. ತಪ್ಪು ನಂದೇ."

"ನಂದು," ಎಂದಿತು ಹಿಂದಿನಿಂದ ಒಂದು ದನಿ. ಮೊಮ್ಮಗಳ ಕೈ ಹಿಡಿದು ಉಣ್ಣೆ ಅಜ್ಜಿ ಬಂದು ನಿಂತಿದ್ದಳು. ಮೋಡ ಸರಿದ ಹಾಗೆ ಕಣ್ಣು ತಿಳಿಯಾಗಿತ್ತು. "ಪಾತ್ರೆ ಸುಟ್ಟಿದ್ದು ನಾನು. ಹೇಳ್ಬೇಡಿ ಅಂತ ಕೈಮುಗಿದಿದ್ದೂ ನಾನು. ಅವರು ನನ್ನ ಪಾಲಿನ ಬೈಗುಳ ತಿಂದ್ರು. ನಾನು ಪಕ್ಕದಲ್ಲೇ ಕೂತು ಊಟ ಮಾಡ್ದೆ. ಬೈಯೋದಿದ್ರೆ ನನ್ನನ್ನ ಬೈ."

ಮೇಡಂ ಬೈಯಲಿಲ್ಲ. ಮಕ್ಕಳು ಕೂರುವ ಗಿಡ್ಡ ಬೆಂಚಿನ ಮೇಲೆ ಕುಸಿದು, ಕಂಬಳಿಗಳಲ್ಲಿ ಮುಖ ಹುದುಗಿಸಿ ಅತ್ತಳು. ಮಗಳು ಅಮ್ಮನ ತಲೆ ನೇವರಿಸಿದಳು. ಸ್ವಲ್ಪ ಹೊತ್ತಾದ ಮೇಲೆ ಮೇಡಂ ಮುಖ ಎತ್ತದೆಯೇ ಹೇಳಿದಳು:

"ಅತ್ತೆ, ನಾನು ನಿಮ್ಮನ್ನ ಕೂರಿಸಿ ಯಾವ ವಾರ ಅಂತ ಕೇಳ್ತಿದ್ನಲ್ಲ..."

"ಎಲ್ಲಾದಕ್ಕೂ ಸರಿ ಉತ್ತರ ಕೊಟ್ಟಿದ್ದೀನಿ. ಒಂದು ಮಾರ್ಕು ಕಟ್ ಮಾಡೋ ಹಾಗಿಲ್ಲ," ಎಂದಳು ಟಿಕೆಟ್ ಅಜ್ಜಿ. "ಏಳು. ಒಳಗೆ ಸೂಪು ಕೊಡ್ತಿದ್ದಾರೆ. ಆರಿದ ಮೇಲೆ ಕುಡಿಯೋಕಾಗಲ್ಲ."

ಕೆಲವು ದಿನಗಳ ನಂತರ ಬೆಂಕಿ ಹತೋಟಿಗೆ ಬಂತು, ಮನೆಗೆ ಮರಳಲು ಅನುಮತಿ ಸಿಕ್ಕಿತು. ದಾರಿಯ ಎರಡೂ ಬದಿ ಕರಿ ಕಂಬಗಳಾಗಿ ನಿಂತ ಮರಗಳು. ಮನೆ ಉಳಿದಿತ್ತು. ಬೆಂಕಿ ಅಂಗಳದ ಅಂಚಿನವರೆಗೂ ಬಂದು, ಪ್ಲಂಬರ್ ಬೋಳು ಮಾಡಿಟ್ಟಿದ್ದ ನೆಲದಲ್ಲಿ ತಿನ್ನಲು ಏನೂ ಸಿಗದೆ ಪಕ್ಕಕ್ಕೆ ಹೊರಳಿತ್ತು. ಅವನ ಪೈಪು, ಸಾಮಾನು ಇಟ್ಟಿದ್ದ ಕೊಟ್ಟಿಗೆ ಮಾತ್ರ ಬೂದಿ. ಕರಗಿ ಗಟ್ಟಿಯಾಗಿದ್ದ ಪೈಪುಗಳನ್ನು ಅವನು ಕಾಲಿಂದ ಒದ್ದು ನೋಡಿದ. ಮೇಡಂ ಹೋಗಿ ಪಕ್ಕದಲ್ಲಿ ನಿಂತಳು. "ಪೈಪ್ ತಿರುಗಿಸೋ ಪಾನ ಗಾಡೀಲಿದೆ," ಎಂದ ಅವನು. "ಅಷ್ಟಿದ್ರೆ ನಾಳೆಯಿಂದ ಕೆಲಸಕ್ಕೆ ಹೋಗಬಹುದು."

ವೈದ್ಯರು ಉಣ್ಣೆ ಅಜ್ಜಿಯನ್ನು ನೋಡಿ, ಇದು ಮರೆವಿನ ಕಾಯಿಲೆಯ ಶುರು, ನಿಧಾನ ಮಾಡಬಹುದು, ನಿಲ್ಲಿಸಲಾಗದು ಎಂದರು. ಮೇಡಂ ಕೆಲಸ ಬಿಡುತ್ತೇನೆಂದಳು. ಮನೆಯಲ್ಲಿ ಒಂದು ಇಡೀ ಭಾನುವಾರ ಅದೇ ಜಗಳ. ಕೊನೆಗೆ ಅಂಗಡಿಯವರು ಅವಳನ್ನು ಮಧ್ಯಾಹ್ನಕ್ಕೇ ಬಿಡಲು ಒಪ್ಪಿದರು. ಬೆಳಗಿನ ಪಾಳಿ ಟಿಕೆಟ್ ಅಜ್ಜಿಯದು, ಸಂಜೆ ಮೊಮ್ಮಗಳದು. ಪ್ಲಂಬರ್ ಗ್ಯಾಸಿನ ತಿರುಪನ್ನು ಉಣ್ಣೆ ಅಜ್ಜಿಗೆ ಎಟುಕದ ಎತ್ತರಕ್ಕೆ ಒಯ್ದ. ಸ್ವೆಟರಿನ ಎರಡನೆಯ ತೋಳು ಮುಗಿಯುವ ಲಕ್ಷಣ ಕಾಣಲಿಲ್ಲ. ಮೊಮ್ಮಗಳು ಮೊದಲನೆಯದನ್ನೂ ಬಿಚ್ಚಿಸಿ, "ತೋಳಿಲ್ಲದ್ದೇ ಈಗ ಫ್ಯಾಷನ್" ಎಂದು ಹಾಗೇ ತೊಟ್ಟು ಸ್ಕೂಲಿಗೆ ಹೋದಳು.

ನಾಲ್ಕನೆಯ ಗೋಡೆಯೂ ಎದ್ದಿತು. ಸುಣ್ಣದ ವಾಸನೆ ಇನ್ನೂ ಹೋಗಿರದ ಕೋಣೆಯನ್ನು ಪ್ಲಂಬರ್ ಅಮ್ಮನಿಗೆ ತೋರಿಸಿದ. ಟಿಕೆಟ್ ಅಜ್ಜಿ ನೋಡಿ, "ಚೆನ್ನಾಗಿದೆ. ಹುಡುಗಿಗೆ ಓದೋಕೆ ಕೊಡು. ನಾನು ಬೀಗ್ರ ಜೊತೇಲೇ ಇರ್ತೀನಿ, ಅವರನ್ನ ನೋಡ್ಕೊಳ್ಳೋಕೆ ಒಬ್ಬರು ಬೇಕಲ್ಲ," ಎಂದಳು. ಎಲ್ಲರಿಗೂ ಸಮಾಧಾನವಾಯಿತು, ಉಣ್ಣೆ ಅಜ್ಜಿ ಒಬ್ಬಳನ್ನು ಬಿಟ್ಟು.

"ನನ್ನನ್ನ ಯಾರಾದ್ರೂ ಕೇಳಿದ್ರಾ?" ಎಂದಳು ಅವಳು. "ಇವರ ಗೊರಕೆ ಕೇಳಿದ್ದೀರಾ ನೀವು? ತಗಡಿನ ಮಾಡು ನಡುಗತ್ತೆ. ಬೇರೆ ಎಲ್ಲಾ ಮರೀತೀನಿ, ಅದೊಂದು ಮರೆಯೋಕಾಗ್ತಿಲ್ಲ. ಹೋಗಿ ಬೀಗ್ರೇ ನಿಮ್ಮ ಕೋಣೆಗೆ. ಬಾಗಿಲು ತೆಗೆದಿಡಿ, ಬೇಕಾದಾಗ ಕರೀತೀನಿ."

ಟಿಕೆಟ್ ಅಜ್ಜಿ ತನ್ನ ಹಾಸಿಗೆಯನ್ನು ತಾನೇ ಸುತ್ತಿಕೊಂಡು ಹೊರಟಳು. "ಋಣ ಇಲ್ಲದ ಜನ," ಎಂದು ಗೊಣಗಿದ್ದು ಎಂದಿನಂತೆ ಅಂಗಳಕ್ಕೂ ಕೇಳಿತು. ಮುಖ ಮಾತ್ರ ನಗುತ್ತಿತ್ತು.

ಮಸಿ ತುಂಬಿದ ಕಂಬಳಿಗಳನ್ನು ಒಗೆಯುವ ಕೆಲಸ ಉಳಿದಿತ್ತು. ರಜೆಯ ದಿನ ಮೇಡಂ ಅವನ್ನು ಅಂಗಳದ ತೊಟ್ಟಿಯಲ್ಲಿ ನೆನೆಹಾಕಿ ತುಳಿದಳು. ನೀರು ಕಪ್ಪಾಗಿ ಹರಿಯಿತು. ಹಿಂಡಲು ಒಬ್ಬಳಿಂದಾಗದು, ಅಮ್ಮ ಬಂದು ಇನ್ನೊಂದು ತುದಿ ಹಿಡಿದಳು. ಮಗಳು ಬಲಕ್ಕೆ, ಅಮ್ಮ ಎಡಕ್ಕೆ ತಿರುಚತೊಡಗಿದರು. ಹಳೆಯ ಬೆರಳುಗಳಲ್ಲಿ ಇನ್ನೂ ಕಸುವಿತ್ತು.

"ಒಂದು ಮಾತು," ಎಂದಳು ಉಣ್ಣೆ ಅಜ್ಜಿ. "ಮುಂದೆ ಒಂದು ದಿನ ನಿನ್ನ ಗುರುತೂ ಸಿಗದೆ ಹೋಗಬಹುದು."

"ಅಮ್ಮಾ, ಈಗ್ಯಾಕೆ ಆ ಮಾತು?"

"ಈಗ ಹೇಳೋಕೆ ಬರತ್ತೆ, ಅದಕ್ಕೆ. ಆಗ ನನ್ನ ಮುಂದೆ ನಿಂತು 'ನಾನ್ಯಾರು ಹೇಳು, ನಾನ್ಯಾರು ಹೇಳು' ಅಂತ ಕೇಳ್ಬೇಡ. ಬೀಗ್ರನ್ನ ಕೇಳಿದ್ಯಲ್ಲ, ಹಾಗೆ. ಅವರು ತಿರುಗಿಸಿ ಅಂದ್ರು. ನನಗೆ ಅನ್ನೋಕೆ ಬರಲ್ಲ, ಹೆದರಿಕೆ ಆಗತ್ತೆ. ನೀನೇ ಹೇಳ್ಬಿಡು, ನಾನು ನಿನ್ನ ಮಗಳು ಅಂತ. ಹೇಳಿ ಊಟಕ್ಕೆ ಹಾಕು. ನಾನು ನಂಬ್ತೀನಿ."

ಮೇಡಂ ತಿರುಚುವುದನ್ನು ನಿಲ್ಲಿಸಿದಳು. ಅವಳ ಕೈ ಸಡಿಲವಾಗಿ ಕಂಬಳಿ ನಡುವೆ ಜೋತುಬಿತ್ತು.

"ಹೂಂ ಅನ್ನು."

"ಹೂಂ ಅಮ್ಮ."

"ಸರಿ, ಬಿಗಿಯಾಗಿ ಹಿಡಿ. ಇನ್ನೂ ನೀರಿದೆ," ಎಂದು ಉಣ್ಣೆ ಅಜ್ಜಿ ತನ್ನ ತುದಿಯನ್ನು ಎಳೆದುಕೊಂಡು ಮತ್ತೊಂದು ಸುತ್ತು ತಿರುಚಿದಳು.